ನಾಳೆ ಬೆಳಗ್ಗೆ ಗಣಪ, ಮಧ್ಯಾಹ್ನ ಟೆಕ್ಸಸ್

ಕಳೆದ ಭಾನುವಾರ ಸಂಜೆ ಕಸದ ಡಬ್ಬಿಯನ್ನು ರಸ್ತೆಬದಿಗೆ ಎಳೆದಿಡುತ್ತಿದ್ದೆ. ಪಕ್ಕದ ಮನೆಯ ಅಜ್ಜ ತಮ್ಮ ಗ್ಯಾರೇಜಿನೊಳಗಿಂದಲೇ ಕೂಗಿದರು. "ಶನಿವಾರ ಹನ್ನೆರಡಕ್ಕೆ ಬಂದುಬಿಡು. ಮಗಳನ್ನೂ ಕರ್ಕೊಂಡು ಬಾ. ಟೆಕ್ಸಸ್ ಬರ್ತಾ ಇದೆ."

ಟೆಕ್ಸಸ್ ಅಂದರೆ ಟೆಕ್ಸಸ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ, ನಮ್ಮೂರಿನ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡದ ಜೊತೆ ಆಡಲು ಬರುತ್ತಿರುವುದು. ನಾನು ತಲೆ ಕೆರೆದುಕೊಂಡೆ. ಶನಿವಾರ ಹನ್ನೆರಡಕ್ಕೆ ನಮ್ಮ ಕನ್ನಡ ಕೂಟದ ಗಣೇಶನ ಹಬ್ಬ. ಚೌತಿ ಬುಧವಾರವೇ ಇದ್ದರೂ ಈ ಅಮೆರಿಕದಲ್ಲಿ ನಮ್ಮ ದೇವರುಗಳೆಲ್ಲ ವಾರಾಂತ್ಯದ ತನಕ ಕಾಯುವುದನ್ನು ಕಲಿತಿದ್ದಾರೆ. ನೂರೈವತ್ತು ಜನಕ್ಕೆ ಪುಳಿಯೋಗರೆ ಕಲಸುವ ಕೆಲಸ ಈ ಸಲ ನನ್ನ ತಲೆಗೆ ಬಿದ್ದಿದೆ. ಇದನ್ನೆಲ್ಲ ನನಗೆ ಬಂದ ಹಾಗೆ ವಿವರಿಸಿದೆ.

ಅಜ್ಜ ಒಂದು ಗಳಿಗೆ ನನ್ನನ್ನೇ ನೋಡಿದರು. "ಅಂದ್ರೆ ನಿಮ್ಮ ದೇವರ ಹುಟ್ಟುಹಬ್ಬವನ್ನ ಟೆಕ್ಸಸ್ ಮ್ಯಾಚಿನ ಹೊತ್ತಿಗೇ ಇಟ್ಕೊಂಡಿದ್ದೀರಿ?"

"ಹಾಲ್ ಆವತ್ತೇ ಖಾಲಿ ಸಿಕ್ಕಿದ್ದು."

"ಸಿಗದೆ ಏನು! ಈ ಊರಲ್ಲಿ ಆವತ್ತು ಹಾಲ್ ಕೇಳೋರಾದರೂ ಯಾರು?"

ನಕ್ಕು ಮುಗಿಸಿ ಒಳಗೆ ಬರಬೇಕಿತ್ತು. ಅಷ್ಟರಲ್ಲಿ ಅಜ್ಜನಿಗೆ ಇನ್ನೇನೋ ನೆನಪಾಯಿತು. "ಹನ್ನೊಂದು ವರ್ಷದಿಂದ ಪಕ್ಕದಲ್ಲಿದ್ದೀಯ, ಒಂದು ಸಲವೂ ಕೇಳಿಲ್ಲ ನೋಡು. ನಿನ್ನ ಕಾಲೇಜಿನ ಟೀಮ್ ಯಾವುದು?"

ನಾನು ಬಾಯಿ ತೆರೆಯುವ ಮೊದಲೇ, ಅಲ್ಲೇ ಸೈಕಲ್ಲಿನಲ್ಲಿ ಸುತ್ತು ಹಾಕುತ್ತಿದ್ದ ಹತ್ತು ವರ್ಷದ ಮಗಳು ಉತ್ತರ ಕೊಟ್ಟಾಗಿತ್ತು. "ಅಪ್ಪನ ಕಾಲೇಜಿಗೆ ಟೀಮ್ ಇರ್ಲಿಲ್ಲ. ಬರೀ ಮಾರ್ಕ್ಸ್ ಇತ್ತು."

ಅಜ್ಜ ಕುರ್ಚಿಯ ಕೈ ತಟ್ಟಿಕೊಂಡು ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ಕೊಬ್ಬರಿ ಚೂರಿನ ಹಾಗೆ ಇಡೀ ವಾರ ಅಲ್ಲೇ ಕೂತಿದೆ. ಇವತ್ತು 2025ರ ಆಗಸ್ಟ್ 29, ಶುಕ್ರವಾರ ರಾತ್ರಿ. ಹುಣಸೆಹಣ್ಣು ತಂದಾಗಿದೆ, ಎಳ್ಳು ಹುರಿದಾಗಿದೆ. ಇನ್ನು ಮ್ಯಾಚಿನ ಕಥೆಯನ್ನಾದರೂ ನಿಮಗೆ ಹೇಳಿಬಿಡೋಣ ಎಂದು ಕೂತಿದ್ದೇನೆ.

ಇಲ್ಲಿಯವರು ಫುಟ್‌ಬಾಲ್ ಅನ್ನುವ ಆಟದಲ್ಲಿ ಕಾಲಿಗೆ ಚೆಂಡು ತಾಗುವುದು ಅಪರೂಪ. ಚೆಂಡು ಸುಲಿದ ತೆಂಗಿನಕಾಯಿಯ ಆಕಾರದ್ದು. ಎರಡು ಕಡೆಯೂ ಹನ್ನೊಂದು ಜನ. ನಾಲ್ಕು ಪ್ರಯತ್ನದೊಳಗೆ 10 ಗಜ ಮುಂದಕ್ಕೆ ಹೋದರೆ ಇನ್ನೂ ನಾಲ್ಕು ಪ್ರಯತ್ನ ಸಿಗುತ್ತದೆ, ಇಲ್ಲವಾದರೆ ಚೆಂಡು ಎದುರಾಳಿಗೆ. ಬಂದ ಹೊಸದರಲ್ಲಿ ನನಗೆ ಇದು ಆಡುವುದಕ್ಕಿಂತ ನಿಂತುಕೊಳ್ಳುವುದೇ ಹೆಚ್ಚಿರುವ ಆಟ ಅನಿಸಿತ್ತು. ಕಬಡ್ಡಿಯ ಕಣ್ಣಿನಿಂದ ನೋಡಲು ಶುರು ಮಾಡಿದ ಮೇಲೆ ಹತ್ತಿತು. ಐದಾರು ಸೆಕೆಂಡಿನ ದಾಳಿ, ಹಿಡಿತ, ಗುಡ್ಡೆ ಬೀಳುವುದು, ಮೈ ಕೊಡವಿಕೊಂಡು ಏಳುವುದು. ಮತ್ತೆ ದಾಳಿ.

ನಾನಿರುವ ಕೊಲಂಬಸ್ ಒಹಾಯೊ ರಾಜ್ಯದ ರಾಜಧಾನಿ. ಇಲ್ಲಿನ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಮೈದಾನ ಒಲೆಂಟಾಂಜಿ ಹೊಳೆಯ ದಡದಲ್ಲಿದೆ. 1922ರಲ್ಲಿ ಕಟ್ಟಿದ್ದು, ಕುದುರೆ ಲಾಳದ ಆಕಾರದ್ದು, 1,02,780 ಆಸನಗಳು. ಇನ್ನೊಂದು ಸಲ ಹೇಳುತ್ತೇನೆ, ಇದು ಒಂದು ಕಾಲೇಜಿನ ಮೈದಾನ. ತಂಡದ ಹೆಸರು ಬಕ್‌ಐಸ್. ಬಕ್‌ಐ ಅಂದರೆ ಇಲ್ಲಿನ ಒಂದು ಮರ. ಅದರ ಬೀಜ ಗಜ್ಜುಗದ ಹಾಗೆ ನುಣುಪು, ಬಣ್ಣ ಕಡು ಕಂದು, ಮೇಲೊಂದು ಬಿಳಿಚು ಮಚ್ಚೆ. ಗಂಡು ಜಿಂಕೆಯ ಕಣ್ಣಿನ ಹಾಗೆ ಕಾಣುವುದರಿಂದ ಆ ಹೆಸರು. ತಿಂದರೆ ವಿಷ. ಅಜ್ಜನ ಪ್ಯಾಂಟಿನ ಜೇಬಿನಲ್ಲಿ ಅಂಥದ್ದೊಂದು ಸದಾ ಇರುತ್ತದೆ. ವರ್ಷಗಟ್ಟಲೆ ಬೆರಳಾಡಿಸಿ ಅದರ ಮಚ್ಚೆಯೇ ಸವೆದುಹೋಗಿದೆ.

ಸೀಸನ್ನಿನ ಮೊದಲ ವಾರಗಳಲ್ಲಿ ದೊಡ್ಡ ಕಾಲೇಜುಗಳು ಚಿಕ್ಕ ಕಾಲೇಜುಗಳಿಗೆ ದುಡ್ಡು ಕೊಟ್ಟು ಕರೆಸಿ, ಚೆನ್ನಾಗಿ ಚಚ್ಚಿ, ಮರ್ಯಾದೆಯಿಂದ ಬಸ್ಸು ಹತ್ತಿಸಿ ಕಳಿಸುವುದು ವಾಡಿಕೆ. ಬಂದವರಿಗೂ ಬೇಜಾರಿಲ್ಲ, ಅವರ ಅಥ್ಲೆಟಿಕ್ ವಿಭಾಗದ ಖರ್ಚಿಗೆ ದಾರಿಯಾಗುತ್ತದೆ. ಹಾಗಿರುವಾಗ ಆಗಸ್ಟ್ 30ಕ್ಕೇ, ಮೊಟ್ಟಮೊದಲ ಪಂದ್ಯದಲ್ಲೇ, ಈ ಎರಡು ಪೈಲ್ವಾನರು ಮುಖಾಮುಖಿಯಾಗುತ್ತಿದ್ದಾರೆ. ಪತ್ರಕರ್ತರು ಮತ ಹಾಕಿ ತಂಡಗಳಿಗೆ ಸ್ಥಾನ ಕೊಡುವ ಎಪಿ ಸುದ್ದಿಸಂಸ್ಥೆಯ ಪಟ್ಟಿಯಲ್ಲಿ ಟೆಕ್ಸಸ್ 1ನೇ ಸ್ಥಾನದಲ್ಲಿದೆ. ಸೀಸನ್ ಶುರುವಾಗುವ ಮೊದಲೇ ಆ ಪಟ್ಟಿಯ ತುದಿಗೇರಿದ್ದು ಅವರ ಇತಿಹಾಸದಲ್ಲೇ ಇದು ಮೊದಲ ಸಲ. ಒಹಾಯೊ ಸ್ಟೇಟ್ 3ನೆಯದು, ಹಾಲಿ ಚಾಂಪಿಯನ್ ಬೇರೆ. "ಕಪ್ ನಮ್ಮನೇಲಿದೆ, ನಂಬರ್ ಅವರ ಹತ್ರ ಇದೆ" ಅಂತ ಅಜ್ಜನ ಗೊಣಗಾಟ.

ಸೋತರೂ ಯಾರ ಸೀಸನ್ನೂ ಮುಳುಗುವುದಿಲ್ಲ ಎನ್ನುವುದೂ ನಿಜ. 2024ರಿಂದ ಪ್ಲೇಆಫ್‌ಗೆ 12 ತಂಡಗಳು ಹೋಗುತ್ತವೆ. ಕಳೆದ ಸಲ ಒಹಾಯೊ ಸ್ಟೇಟ್ ಒರೆಗಾನ್‌ಗೆ ಸೋತಿತ್ತು, ನವೆಂಬರ್ ಕೊನೆಗೆ ಮಿಶಿಗನ್‌ಗೆ 13–10ರಲ್ಲಿ ಸೋತಿತ್ತು, ಆದರೂ ಜನವರಿ 20ರಂದು ಅಟ್ಲಾಂಟಾದಲ್ಲಿ ನೋಟ್ರ ಡೇಮನ್ನು 34–23ರಿಂದ ಸೋಲಿಸಿ ಕಪ್ ತಂದಿತು. ಮಿಶಿಗನ್ ವಿಷಯ ಮಾತ್ರ ಗ್ಯಾರೇಜಿನಲ್ಲಿ ಎತ್ತಬಾರದು. ನನ್ನ ಮಗಳು ಒಂದು ಸಲ ಊಟದ ನಡುವೆ ನಿಟ್ಟುಸಿರು ಬಿಟ್ಟು "ಮಿಶಿಗನ್‌ಗೆ ನಾವು ನಾಲ್ಕು ವರ್ಷದಿಂದ ಸೋಲ್ತಾನೇ ಇದೀವಿ ಅಪ್ಪ" ಅಂದಳು. ನಾವು ಅಂತೆ! ಅವಳ ಅಪ್ಪ ಅಮ್ಮ ಇಬ್ಬರೂ ಓದಿದ್ದು ಕರ್ನಾಟಕದಲ್ಲಿ.

ಟೆಕ್ಸಸ್‌ನವರು ತೀರಿಸಿಕೊಳ್ಳಬೇಕಾದ ಬಾಕಿಯೂ ಇದೆ. ಜನವರಿಯ ಸೆಮಿಫೈನಲ್ ಇದೇ ಎರಡು ತಂಡಗಳ ನಡುವೆ, ಟೆಕ್ಸಸ್ ನೆಲದಲ್ಲೇ ನಡೆದಿತ್ತು. ಒಹಾಯೊ 21, ಟೆಕ್ಸಸ್ 14. ಕೊನೆಯ ನಿಮಿಷಗಳು. ಟೆಕ್ಸಸ್‌ನ ಕೈಯಲ್ಲಿ ಚೆಂಡು, ದಾಟಿದರೆ ಅಂಕ ಸಿಗುವ ಕೊನೆಯ ಗೆರೆಗೆ ಬರೀ 1 ಗಜ ಬಾಕಿ. ನೇರ ನುಗ್ಗಿದ್ದರೆ ಆಗುತ್ತಿತ್ತೇನೋ, ಪಕ್ಕಕ್ಕೆ ಎಸೆದು ಹಿಂದಕ್ಕೆ ಹೋದರು. ಆಮೇಲೆ ಒಹಾಯೊದ ಜ್ಯಾಕ್ ಸಾಯರ್, ಎದುರಾಳಿ ದಾಳಿಯನ್ನು ನಡೆಸುತ್ತ ಚೆಂಡು ಎಸೆಯುವವನ, ಅಂದರೆ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದ ಚೆಂಡು ಉದುರಿಸಿ, ಎತ್ತಿಕೊಂಡು, 83 ಗಜ ಓಡಿಬಿಟ್ಟ. 28–14. ಆ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್ ಹಿಂದೊಮ್ಮೆ ಒಹಾಯೊ ಸ್ಟೇಟ್‌ನಲ್ಲೇ ಇದ್ದವನು, ಅದೂ ಸಾಯರ್‌ನ ರೂಮ್‌ಮೇಟ್ ಆಗಿ! ಹಾಸ್ಟೆಲಿನಲ್ಲಿ ಓದಿದವರಿಗೆ ಇದರ ರುಚಿ ಬೇರೆ. ನನ್ನ ರೂಮ್‌ಮೇಟ್ ನನ್ನಿಂದ ಕಿತ್ತುಕೊಂಡಿದ್ದು ಸಾಬೂನು ಮಾತ್ರ.

ಈ ಸಲ ಟೆಕ್ಸಸ್‌ಗೆ ಆರ್ಚ್ ಮ್ಯಾನಿಂಗ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ದೊಡ್ಮನೆ ಹುಡುಗ. ಅಜ್ಜ ಆರ್ಚಿ, ಚಿಕ್ಕಪ್ಪಂದಿರು ಪೇಟನ್ ಮತ್ತು ಈಲೈ, ಎಲ್ಲರೂ ಹೆಸರಾಂತ ಕ್ವಾರ್ಟರ್‌ಬ್ಯಾಕ್‌ಗಳು. ಇವನ ತಂದೆ ಕೂಪರ್ ಮಾತ್ರ ಬೆನ್ನುಹುರಿಯ ತೊಂದರೆಯಿಂದ ಎಳೆ ವಯಸ್ಸಿನಲ್ಲೇ ಆಟ ಬಿಟ್ಟರು. ಹುಡುಗನ ಮುಖ ಜಾಹೀರಾತುಗಳಲ್ಲಿ ಎಷ್ಟು ಕಾಣುತ್ತದೆಂದರೆ ಏನೆಲ್ಲ ಗೆದ್ದಿದ್ದಾನೋ ಅನ್ನಬೇಕು. ಕಳೆದ ವರ್ಷ ಅವನು ಮೊದಲಿನಿಂದ ಆಡಿದ್ದು ಎರಡೇ ಪಂದ್ಯ. ಮೊದಲ ಸಿನಿಮಾ ಬರುವ ಮೊದಲೇ ಕಟೌಟ್ ಎದ್ದಂತಾಗಿದೆ. ಪಾಪ, ಅವನ ತಪ್ಪೇನೂ ಇಲ್ಲ.

ಒಹಾಯೊ ಕಡೆ ಜೂಲಿಯನ್ ಸೇಯಿನ್, ಅವನು ಮೊದಲಿನಿಂದ ಆಡುವುದು ನಾಳೆಯೇ ಮೊದಲ ಸಲ. ಕ್ಯಾಲಿಫೋರ್ನಿಯಾದ ಹುಡುಗ. ಅಲಬಾಮಾಗೆ ಸೇರಿದ್ದ, ಅಲ್ಲಿನ ಕೋಚ್ ನಿಕ್ ಸೇಬನ್ 2024ರ ಜನವರಿಯಲ್ಲಿ ನಿವೃತ್ತಿಯಾದ ಕೂಡಲೇ ಇಲ್ಲಿಗೆ ಬಂದ. ಹಳೇ ತಂಡದ 14 ಜನ ಏಪ್ರಿಲ್‌ನಲ್ಲಿ ವೃತ್ತಿಪರ ಲೀಗ್‌ಗೆ ಆಯ್ಕೆಯಾಗಿ ಹೋದರು. ಒಂದೇ ಸಲ ಮುಖ್ಯ ಪಾತ್ರಧಾರಿಗಳೆಲ್ಲ ಮೇಳ ಬಿಟ್ಟ ಹಾಗೆ. ಇಬ್ಬರು ಮುಖ್ಯ ಸಹಾಯಕ ಕೋಚ್‌ಗಳೂ ಹೊರಟುಹೋದರು. ರಕ್ಷಣೆಯ ಹೊಣೆ ಈಗ ವೃತ್ತಿಪರ ಲೀಗ್‌ನಲ್ಲಿ ಪಳಗಿದ ಮ್ಯಾಟ್ ಪೆಟ್ರಿಶಿಯಾ ಅವರದು. ಆದರೆ ಜೆರೆಮಾಯ ಸ್ಮಿತ್ ಇದ್ದಾನಲ್ಲ! ಕಳೆದ ವರ್ಷ, ಕಾಲೇಜಿಗೆ ಸೇರಿದ ಮೊದಲ ವರ್ಷವೇ, 76 ಚೆಂಡು ಹಿಡಿದು 1,315 ಗಜ ಗಳಿಸಿದವನು. ಅವನು ಗಾಳಿಯಲ್ಲಿ ಕೈ ಚಾಚಿದಾಗ, ಮನೆಯ ಅಟ್ಟದಿಂದ ಡಬ್ಬಿ ಇಳಿಸುವಷ್ಟು ನಿರಾಳವಾಗಿ ಚೆಂಡು ಇಳಿಸುತ್ತಾನೆ. ರಕ್ಷಣೆಯಲ್ಲಿ ಕೇಲಬ್ ಡೌನ್ಸ್, ಎದುರಾಳಿ ಮನಸ್ಸಿನಲ್ಲಿ ಅಂದುಕೊಂಡ ಜಾಗಕ್ಕೆ ಅವನಿಗಿಂತ ಮೊದಲೇ ಹೋಗಿ ನಿಲ್ಲುವ ಆಸಾಮಿ.

ನನ್ನ ಅಂದಾಜು ಕೇಳಿದರೆ, ಕಡಿಮೆ ಅಂಕದ ಆಟವಾಗುತ್ತದೆ. ಎರಡೂ ಕಡೆ ಅನುಭವ ಕಡಿಮೆ ಇರುವ ಕ್ವಾರ್ಟರ್‌ಬ್ಯಾಕ್‌ಗಳು, ಎರಡೂ ಕಡೆ ಒಳ್ಳೆಯ ರಕ್ಷಣೆ. ತಮ್ಮ ಹುಡುಗನ ಕೈಯಲ್ಲಿ ಹುಚ್ಚು ಸಾಹಸ ಮಾಡಿಸಲು ಯಾವ ಕೋಚಿಗೂ ಧೈರ್ಯ ಸಾಲದು. ಬಂದ ತಂಡ ಚೆಂಡು ಹಿಡಿದಾಗ ಲಕ್ಷ ಜನ ಒಟ್ಟಿಗೆ ಕಿರುಚುತ್ತಾರೆ. ಕ್ವಾರ್ಟರ್‌ಬ್ಯಾಕ್ ಹೇಳುವ ಸಂಕೇತ ಪಕ್ಕದವನಿಗೇ ಕೇಳದೆ ಯಾರೋ ಒಬ್ಬ ಮೊದಲೇ ಅಲುಗಾಡುತ್ತಾನೆ, 5 ಗಜ ದಂಡ. ಇಂಥ ಎರಡು ಮೂರು ಸಣ್ಣ ತಪ್ಪಿನಲ್ಲೇ ನಾಳೆಯದು ತೀರ್ಮಾನವಾದೀತು. ಒಹಾಯೊ ಗೆಲ್ಲುತ್ತದೆ ಅನಿಸುತ್ತದೆ, ಕೂದಲೆಳೆಯಲ್ಲಿ. ಊರಲ್ಲಿ ನಿದ್ದೆ ಬರದವರು ರಾತ್ರಿ 9.30ಕ್ಕೆ ನೋಡಬಹುದು.

ಆದರೆ ಅಜ್ಜನ ಪ್ರಕಾರ ಟೆಕ್ಸಸ್ ಅಂದರೆ 2005. ಆ ವರ್ಷದ ಸೆಪ್ಟೆಂಬರ್‌ನಲ್ಲೂ ಹೀಗೇ, ಸೀಸನ್ ಶುರುವಲ್ಲೇ, ರಾತ್ರಿ ಪಂದ್ಯ. ಟೆಕ್ಸಸ್ 2ನೆಯದು, ಒಹಾಯೊ 4ನೆಯದು. ಇವರೇ ಮುಂದಿದ್ದರು. ಮೂರು ನಿಮಿಷಕ್ಕೂ ಕಡಿಮೆ ಇದ್ದಾಗ ವಿನ್ಸ್ ಯಂಗ್ ಎಸೆದ ಚೆಂಡು ಗೆರೆಯೊಳಗೆ ಲಿಮಸ್ ಸ್ವೀಡ್ ಕೈ ಸೇರಿತು. 25–22. ಟೆಕ್ಸಸ್ ಆ ವರ್ಷ ದೇಶಕ್ಕೇ ಚಾಂಪಿಯನ್ ಆಯಿತು. ಅಜ್ಜ ಆಗ ಸಿಟಿ ಬಸ್ಸು ಓಡಿಸುತ್ತಿದ್ದರು. ಮ್ಯಾಚ್ ಮುಗಿದ ಮೇಲಿನ ಟ್ರಿಪ್ ಅವರದು. "ಬಸ್ ತುಂಬ ಜನ, ಕಂಬಿ ಹಿಡಿದು ನಿಂತೋರೇ ಎಷ್ಟೋ ಮಂದಿ. ಒಬ್ಬನೂ ಮಾತಾಡಲಿಲ್ಲ. ಇಳಿಯೋರು ಗಂಟೆ ಕೂಡ ಎಳೀಲಿಲ್ಲ. ನಾನೇ ಪ್ರತಿ ಸ್ಟಾಪಲ್ಲೂ ನಿಲ್ಲಿಸ್ತಾ ಹೋದೆ." ಮುಂದಿನ ವರ್ಷ ಇವರು ಅಲ್ಲಿಗೇ ಹೋಗಿ 24–7ರಿಂದ ಗೆದ್ದು ಬಂದರಂತೆ. ಅದನ್ನು ಅಜ್ಜ ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ಸೋತಿದ್ದನ್ನು ಮಾತ್ರ ಸ್ಟಾಪ್ ಸ್ಟಾಪಿಗೂ ಹೇಳುತ್ತಾರೆ.

ಪಕ್ಕಕ್ಕೆ ಬಂದ ಹೊಸದರಲ್ಲಿ ನಾನೊಮ್ಮೆ ಕೇಳಿದ್ದೆ, ನೀವು ಒಹಾಯೊ ಸ್ಟೇಟ್‌ನಲ್ಲಿ ಓದಿದ್ದು ಯಾವ ವರ್ಷ ಅಂತ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಓದೋದಾ? ಆ ಕ್ಯಾಂಪಸ್ ಒಳಗೆ ನಾನು ಹೋಗಿರೋದು ಬಸ್ ಜೊತೆ." ಆ ಕಾಲೇಜಿನ ಕ್ಲಾಸಿನಲ್ಲಿ ಒಂದು ದಿನವೂ ಕೂರದ, ಮಕ್ಕಳನ್ನೂ ಅಲ್ಲಿ ಓದಿಸದ ಮನುಷ್ಯ ಎಪ್ಪತ್ತು ದಾಟಿದ ಮೇಲೂ ಅದಕ್ಕೆ ನಾವು ಅನ್ನುತ್ತಾರೆ. ಅವರ ಗ್ಯಾರೇಜಿನ ಗೋಡೆಯಲ್ಲಿ ಕೆಂಪು–ಬೂದು ಬಾವುಟ, ಕೆಳಗೊಂದು ಹಳೇ ಫ್ರಿಜ್ಜು, ಮೂಲೆಯಲ್ಲಿ ತೂತಿನ ಹಲಗೆಗೆ ಜೋಳದ ಚೀಲ ಎಸೆಯುವ ಆಟದ ಸಾಮಾನು. ಮಂಡಿ ಸೋತ ಮೇಲೆ ಸ್ಟೇಡಿಯಮ್ಮಿನ ಮೆಟ್ಟಿಲು ಹತ್ತಲಾಗದೆ ಗ್ಯಾರೇಜಿನ ಬಾಗಿಲೆತ್ತಿ ಟಿವಿಯಲ್ಲೇ ನೋಡುತ್ತಾರೆ. ಬ್ಯಾಂಡಿನವರು ಮೈದಾನದಲ್ಲಿ ಸಾಲಾಗಿ ನಡೆದು ಒಹಾಯೊ ಎಂದು ಕೂಡಿಸಿ ಬರೆಯುವ ಪದ್ಧತಿಯಿದೆ, 1936ರಿಂದ. ಇನ್ನೂರಕ್ಕೂ ಹೆಚ್ಚು ಜನ ಹಿತ್ತಾಳೆ ವಾದ್ಯ, ತಮಟೆಗಳೊಂದಿಗೆ ಅಕ್ಷರದ ಮೇಲೆ ಅಕ್ಷರವಾಗಿ ಸಾಗುತ್ತಾರೆ. ಕೊನೆಗೆ ಐ ಅಕ್ಷರದ ತಲೆಯ ಮೇಲಿನ ಚುಕ್ಕೆ ಬಾಕಿ ಇರುತ್ತದೆ. ಆನೆ ಸೊಂಡಿಲು ಸುತ್ತಿಕೊಂಡಂಥ ಸೂಸಫೋನ್ ಹೊತ್ತ ಒಬ್ಬ ವಿದ್ಯಾರ್ಥಿ ಕಾಲೆತ್ತೆತ್ತಿ ಬಂದು ಆ ಚುಕ್ಕೆಯ ಜಾಗದಲ್ಲಿ ನಿಂತು, ಟೋಪಿ ತೆಗೆದು ಬಾಗುತ್ತಾನೆ. ನಾಲ್ಕೈದು ವರ್ಷ ಬ್ಯಾಂಡಿನಲ್ಲಿ ದುಡಿದವರಿಗೆ ಸಿಗುವ ಗೌರವ. ಆ ಕ್ಷಣದಲ್ಲಿ ಅಜ್ಜ ಗ್ಯಾರೇಜಿನಲ್ಲಿ ಎದ್ದು ನಿಲ್ಲುತ್ತಾರೆ, ಮಂಡಿ ಹಿಡಿದುಕೊಂಡು. ನಾನು ಮೊದಲ ಸಲ ನೋಡಿದಾಗ ಇದೇನು ಒಂದು ಚುಕ್ಕೆಗೆ ಇಷ್ಟೊಂದು ಸಡಗರ ಅಂದುಕೊಂಡೆ. ಈಗ ನಾನೂ ಏಳುತ್ತೇನೆ.

ಎಲ್ಲವೂ ಪವಿತ್ರ ಅಂತೇನಲ್ಲ. ಈ ಜುಲೈ 1ರಿಂದ ಒಂದೊಂದು ವಿಶ್ವವಿದ್ಯಾಲಯವೂ ತನ್ನ ಆಟಗಾರರಿಗೆ ವರ್ಷಕ್ಕೆ 2 ಕೋಟಿ 5 ಲಕ್ಷ ಡಾಲರ್ ತನಕ ಹಂಚಬಹುದು. ನಮ್ಮ ಲೆಕ್ಕದಲ್ಲಿ ಸುಮಾರು 180 ಕೋಟಿ ರೂಪಾಯಿ. ವಿದ್ಯೆ ಎಲ್ಲಿ, ವ್ಯಾಪಾರ ಎಲ್ಲಿ ಎನ್ನುವ ಗೆರೆ ಅಳಿಸಿಹೋಗಿದೆ. ನಾನು ಇದನ್ನು ಎತ್ತಿದಾಗ ಅಜ್ಜ ತಮ್ಮ ಮಂಡಿ ತೋರಿಸಿ, "ಬಸ್ ಓಡಿಸಿ ಇದು ಹೋಯ್ತು, ನನಗೆ ಪೆನ್ಷನ್ ಬರುತ್ತೆ. ಆ ಹುಡುಗರ ಮಂಡಿ ಇಪ್ಪತ್ತಕ್ಕೇ ಹೋಗುತ್ತೆ" ಅಂದರು. 2002ರಲ್ಲಿ ಮಿಶಿಗನ್ ವಿರುದ್ಧ ಗೆದ್ದ ರಾತ್ರಿ ಇದೇ ಊರಿನ ಹುಡುಗರು ಬೀದಿಯಲ್ಲಿ ಕಾರುಗಳಿಗೆ ಬೆಂಕಿ ಹಚ್ಚಿದ್ದನ್ನೂ ಅವರೇ ಹೇಳಿದ್ದು.

ಅದನ್ನು ಹೇಳಿದ ಸಂದರ್ಭ ನನಗೆ ಚೆನ್ನಾಗಿ ನೆನಪಿದೆ. ಈ ಜೂನ್ 3ರ ಮಧ್ಯಾಹ್ನ, ಇಲ್ಲಿನ ಎರಡು ಗಂಟೆ ಹೊತ್ತಿಗೆ, ನಾನು ಆಫೀಸಿನ ಮೀಟಿಂಗಿನಲ್ಲಿ ಕ್ಯಾಮೆರಾ ಆರಿಸಿ ಅಹಮದಾಬಾದಿನ ಕೊನೆಯ ಓವರ್ ನೋಡುತ್ತಿದ್ದೆ. 6 ರನ್‌ನಿಂದ ಆರ್‌ಸಿಬಿ ಗೆದ್ದಾಗ ನನ್ನ ಗಂಟಲಿನಿಂದ ಬಂದ ಸದ್ದಿಗೆ ಅಜ್ಜ ಫೋನ್ ಕೈಯಲ್ಲಿ ಹಿಡಿದು ಬಾಗಿಲು ಬಡಿದರು, ಆಂಬುಲೆನ್ಸ್ ಕರೆಯಲೋ ಎಂದು. "ಏನಿಲ್ಲ, ನಾವು ಗೆದ್ವಿ. ಹದಿನೆಂಟು ವರ್ಷ ಆದ್ಮೇಲೆ" ಅಂದೆ. ಇನ್ನೊಂದು ವಿವರಣೆ ಬೇಕಾಗಲಿಲ್ಲ ಅವರಿಗೆ. ಒಳಗೆ ಹೋಗಿ ಬಕ್‌ಐ ಮಿಠಾಯಿ ತಂದರು, ಕಡಲೆಕಾಯಿ ಬೆಣ್ಣೆಯ ಉಂಡೆಯನ್ನು ಚಾಕೊಲೇಟಿನಲ್ಲಿ ಅದ್ದಿದ್ದು. ಮಗಳಿಗೆ ಈ ಸಲ ಕಪ್ ನಮ್ದೇ ಅನ್ನುವುದನ್ನು ಕಲಿಸಿದ್ದೆ, ಅವಳು ಅಜ್ಜನಿಗೂ ಕಲಿಸಿದಳು. ನಮ್ದೇ ಅನ್ನುವುದು ಅವರ ಬಾಯಲ್ಲಿ ನಮ್ಡೇ ಆಯಿತು.

ಮಾರನೆಯ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಹೆಚ್ಚಿನವರು ಎಳೆಯರು. ಸಂಜೆ ಅಜ್ಜ ಸುದ್ದಿ ಕೇಳಿ ಬಂದು ಬೇಲಿಯ ಆಚೆ ನಿಂತರು. ಸಮಾಧಾನದ ಮಾತೇನೂ ಆಡಲಿಲ್ಲ. "ಎಷ್ಟು ಗೇಟ್ ತೆಗೆದಿದ್ರು?" ಅಂತ ಕೇಳಿದರು. ಆಮೇಲೆ, "ಒಳಗೆ ಎಷ್ಟು ಜನಕ್ಕೆ ಜಾಗ ಇದೆ?" ಮೂವತ್ತೈದು ಸಾವಿರ ಅಂದೆ. "ಎಷ್ಟು ಜನ ಬಂದಿದ್ರು?" ಎರಡು ಮೂರು ಲಕ್ಷ ಅಂತ ಮುಖ್ಯಮಂತ್ರಿಗಳೇ ಹೇಳಿದ್ದಾರೆ ಅಂದೆ. ಅವರು ಜೇಬಿನಲ್ಲಿ ಕೈ ಹಾಕಿ ಬೀಜವನ್ನು ಉಜ್ಜುತ್ತಿದ್ದರು. ಮ್ಯಾಚ್ ದಿನ ತಾವು ಬಸ್ಸನ್ನು ಯಾವ ಬೀದಿಯಲ್ಲಿ ಎಷ್ಟು ಹೊತ್ತಿಗೆ ನಿಲ್ಲಿಸಬೇಕು, ಯಾವ ಸಿಗ್ನಲ್‌ನಲ್ಲಿ ಪೊಲೀಸರು ಕೈ ತೋರಿಸುತ್ತಾರೆ ಎನ್ನುವುದನ್ನೆಲ್ಲ ವಾರ ಮೊದಲೇ ಕೂರಿಸಿ ಹೇಳುತ್ತಿದ್ದರೆಂದೂ, 2002ರ ಗಲಾಟೆಯಾದ ಮೇಲೆ ಇನ್ನೂ ಬಿಗಿ ಮಾಡಿದರೆಂದೂ ಹೇಳಿದರು. "ಜನ ಬರ್ತಾರೆ ಅಂತ ಗೊತ್ತಿತ್ತಲ್ಲ?" ಅಂದರು. ಗೊತ್ತಿತ್ತು. ಹದಿನೆಂಟು ವರ್ಷದಿಂದ ಗೊತ್ತಿತ್ತು. ಆ ಮಕ್ಕಳೆಲ್ಲ ನಮ್ದು ಅಂದುಕೊಂಡೇ ಬಂದವರು. ಕಪ್ ತಂದವರಿಗೆ ಬಾಗಿಲಿತ್ತು, ನಮ್ದು ಅಂದವರಿಗೆ ಇರಲಿಲ್ಲ.

ಈ ವಾರ ಮಗಳ ಮಾತನ್ನು ಮತ್ತೆ ಮತ್ತೆ ಕಡಿಯುತ್ತಾ ನನಗೆ ಹೊಳೆದದ್ದು ಇಷ್ಟು. ಅವಳು ಹೇಳಿದ್ದು ತಪ್ಪು. ನಮ್ಮ ಕಾಲೇಜಿಗೆ ಟೀಮ್ ಇತ್ತು.

ನಾನು ಓದಿದ್ದು ಒಂದು ಜಿಲ್ಲಾ ಕೇಂದ್ರದ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಊರಿನ ಹೆಸರು ಹೇಳಿದರೆ ಕಾಲೇಜಿನ ಹೆಸರೂ ಹೇಳಿದಂತಾಗುತ್ತದೆ, ಬಿಡಿ. ವಿಟಿಯು ಆಗತಾನೇ ಶುರುವಾಗಿದ್ದ ಕಾಲ. 2001ರಲ್ಲಿ ವಲಯ ಮಟ್ಟದ ವಾಲಿಬಾಲ್ ಫೈನಲ್ ನಮ್ಮಲ್ಲೇ ನಡೆಯಿತು, ನಮ್ಮ ಟೀಮೇ ಫೈನಲ್‌ನಲ್ಲಿತ್ತು. ಸೈಕಲ್ ಸ್ಟ್ಯಾಂಡಿನ ಹಿಂದೆ ಕೆಮ್ಮಣ್ಣಿನ ಅಂಕಣ, ಸುಣ್ಣದ ಗೆರೆ. ಮಾರನೆಯ ದಿನ ನಮಗೆ ಎಂ–3, ಅಂದರೆ ಗಣಿತದ ಇಂಟರ್ನಲ್ಸ್ ಪರೀಕ್ಷೆ. ನಾನು ಲೈಬ್ರರಿಯ ಮೊದಲ ಮಹಡಿಯಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿದ್ದೆ. ಕೆಳಗಿನಿಂದ ರೆಫರಿಯ ಸೀಟಿ, ಅಂಗೈಗೆ ಚೆಂಡು ಬಡಿಯುವ ಢಬ್ ಸದ್ದು. ಒಂದು ಸಲ ಎದ್ದು ನೋಡಿದೆ. ವಿದ್ಯಾರ್ಥಿಗಳು ಮೂವತ್ತು ನಲವತ್ತು ಜನ ಇದ್ದರೇನೋ. ಆದರೆ ಕಾಂಪೌಂಡ್ ಗೋಡೆ ತುಂಬಿತ್ತು. ಬಸ್‌ಸ್ಟ್ಯಾಂಡಿನ ಆಟೋದವರು, ಎದುರಿನ ಬೇಕರಿ ಹುಡುಗರು, ಖಾಕಿ ಅಂಗಿ, ಬನಿಯನ್ನು, ಕಾಲು ಇಳಿಬಿಟ್ಟುಕೊಂಡು ಕೂತಿದ್ದರು. "ನಮ್ ಕಾಲೇಜ್! ನಮ್ ಕಾಲೇಜ್!" ಅಂತ ಕೂಗುತ್ತಿದ್ದರು. ವಾಚ್‌ಮನ್ ಲಾಠಿ ಹಿಡಿದು ಆ ತುದಿಯಿಂದ ಓಡಿಸಿದರೆ ಈ ತುದಿಯಲ್ಲಿ ಹತ್ತುತ್ತಿದ್ದರು.

ಇವರ ಕಾಲೇಜು ಎಲ್ಲಿಂದ ಬಂತು ಅಂದುಕೊಂಡೆ ನಾನು. ಇದು ಸರಿಯಾಗಿ ನೆನಪಿದೆ, ಅದೇ ಪದಗಳಲ್ಲಿ. ಗಲಾಟೆಗೆ ಲೆಕ್ಕ ತಲೆಗೆ ಹತ್ತದೆ ಕಿಟಕಿ ಎಳೆದೆ. ಚಿಲಕ ತುಕ್ಕು ಹಿಡಿದಿತ್ತು, ಜೋರಾಗಿ ಎಳೆದು ಹಾಕಿದೆ. ಆ ಇಂಟರ್ನಲ್ಸ್‌ನಲ್ಲಿ 25ಕ್ಕೆ 23 ಬಂತು.

ಎರಡು ವರ್ಷದ ಹಿಂದೆ ಊರಿಗೆ ಹೋದಾಗ ಕಾಲೇಜಿನ ಒಳಗೊಂದು ಸುತ್ತು ಹಾಕಿದ್ದೆ. ಅಂಕಣವಿದ್ದ ಜಾಗಕ್ಕೆ ಇಂಟರ್‌ಲಾಕ್ ಕಲ್ಲು ಹಾಸಿ ಸಿಬ್ಬಂದಿಯ ಕಾರು ನಿಲ್ಲಿಸುತ್ತಾರೆ. ವಾಲಿಬಾಲ್ ಕಂಬಗಳಲ್ಲಿ ಒಂದು ಮಾತ್ರ ಉಳಿದಿದೆ, ಅದಕ್ಕೆ ನ್ಯಾಕ್ ಮಾನ್ಯತೆಯ ಬ್ಯಾನರ್ ಕಟ್ಟಿದ್ದರು. ಕಾಂಪೌಂಡ್ ಗೋಡೆಯ ಎತ್ತರ ಹೆಚ್ಚಿಸಿ ಮೇಲೆ ಗಾಜಿನ ಚೂರು ನೆಟ್ಟಿದ್ದಾರೆ.

ಇನ್ನು ನಾಳೆಯ ವ್ಯವಸ್ಥೆ. ಕೂಟದ ವಾಟ್ಸ್ಯಾಪಿನಲ್ಲಿ ಮೂರು ದಿನ ಮಹಾಯುದ್ಧ ನಡೆಯಿತು. ಮಧ್ಯಾಹ್ನದ ಮಂಗಳಾರತಿಯನ್ನು ಟಿವಿಯವರ ಸಮಯಕ್ಕೆ ಬದಲಾಯಿಸುವುದಾ ಅಂತ ಹಿರಿಯರು, ಒಹಾಯೊ ಸ್ಟೇಟ್‌ನಲ್ಲೇ ಎಂಎಸ್ ಮಾಡುತ್ತಿರುವ ಹುಡುಗರು ಬರುವುದೇ ಇಲ್ಲ ಅಂತ ಕಿರಿಯರು. ಕೊನೆಗೆ ಅಧ್ಯಕ್ಷರು ಪೂಜೆಯನ್ನು ಒಂಬತ್ತಕ್ಕೆ ಎಳೆದರು. ಹತ್ತೂವರೆಗೆ ಮಂಗಳಾರತಿ, ಹನ್ನೊಂದಕ್ಕೆ ಊಟ, ಹನ್ನೆರಡಕ್ಕೆ ಪ್ರೊಜೆಕ್ಟರ್. ಮಕ್ಕಳ ನೃತ್ಯ ಹಾಫ್‌ಟೈಮಿನ 20 ನಿಮಿಷದಲ್ಲಿ. ಭರತನಾಟ್ಯದ ತಾಯಂದಿರು ಇನ್ನೂ ಯಾರ ಜೊತೆಗೂ ಮಾತಾಡುತ್ತಿಲ್ಲ.

ಬೆಳಗ್ಗೆ ಟಿವಿಯಲ್ಲಿ ಇನ್ನೊಂದು ವಿಶೇಷವಿದೆ. 90 ವರ್ಷದ ಲೀ ಕೋರ್ಸೊ ಎನ್ನುವವರು, ಇವತ್ತು ಯಾರು ಗೆಲ್ಲುತ್ತಾರೆಂದು ಹೇಳಲು ಆ ತಂಡದ ಗೊಂಬೆಯ ತಲೆಯನ್ನೇ ಹಾಕಿಕೊಳ್ಳುತ್ತಾರೆ, ನಮ್ಮ ಗಾರುಡಿ ಗೊಂಬೆಯ ತಲೆಯ ಹಾಗೆ. ಮೊದಲ ಸಲ ಹಾಕಿಕೊಂಡದ್ದು 1996ರಲ್ಲಿ, ಇದೇ ಕೊಲಂಬಸ್‌ನಲ್ಲಿ. ನಾಳೆ ಕೊನೆಯ ಸಲ, ಅದೂ ಇಲ್ಲೇ. ನಾನು ಆ ಹೊತ್ತಿಗೆ ಅನ್ನ ಆರಹಾಕುತ್ತಿರುತ್ತೇನೆ.

ಅಜ್ಜನನ್ನು ಹಾಲಿಗೆ ಕರೆದೆ. ದೊಡ್ಡ ಪರದೆ ಇದೆ, ಊಟ ಇದೆ ಅಂದೆ. ಬರುವ ಹಾಗಿಲ್ಲವಂತೆ. ಜನವರಿಯಲ್ಲಿ ಟೆಕ್ಸಸ್ ಸೋತಾಗ ಗ್ಯಾರೇಜಿನ ಅದೇ ಕುರ್ಚಿಯಲ್ಲಿ ಕೂತಿದ್ದರಂತೆ, ಜಾಗ ಬದಲಾಯಿಸಿದರೆ ಸೋಲುತ್ತೀವಂತೆ. "ಆ ಹುಳಿ ಅನ್ನ ಒಂದು ಡಬ್ಬಿ ಕಳಿಸು" ಅಂದರು. ಮಗಳು ಊಟ ಮುಗಿಸಿ ಗ್ಯಾರೇಜಿಗೇ ಹೋಗುತ್ತಾಳಂತೆ. ಜನವರಿಯಲ್ಲಿ ಅವಳೂ ಅಲ್ಲೇ ಕೂತಿದ್ದಳಲ್ಲ, ಅವಳ ಜಾಗವೂ ಬದಲಾಗಬಾರದು.

ಮೊನ್ನೆ ರಾತ್ರಿ ನಮ್ಮ ಬ್ಯಾಚಿನ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿದ್ದೆ, 2001ರ ವಾಲಿಬಾಲ್ ಫೈನಲ್ ಯಾರು ಗೆದ್ದಿದ್ದು, ಯಾರಿಗಾದರೂ ನೆನಪಿದೆಯಾ ಅಂತ. ನಲವತ್ತೊಂದು ಜನ ನೋಡಿದ್ದಾರೆ. ಒಬ್ಬ ಕೋಹ್ಲಿಯ ಸ್ಟಿಕ್ಕರ್ ಹಾಕಿದ. ಇನ್ನೊಬ್ಬ ಗಣಪತಿಯ ಜಿಫ್. ಪ್ಲೇಸ್‌ಮೆಂಟ್ ಯಾರಿಗೆ ಮೊದಲು ಆಯಿತು ಎಂದು ಕೇಳಿದ್ದರೆ ತಾರೀಖು ಸಮೇತ ಹೇಳುತ್ತಿದ್ದರು.

ಇವತ್ತು ಸಂಜೆ ಎಳ್ಳು ಹುರಿಯುತ್ತಿದ್ದಾಗ ಫೋನ್ ಗುನುಗಿತು. ನಾಲ್ಕು ವರ್ಷದಿಂದ ಆ ಗುಂಪಿನಲ್ಲಿ ಒಂದಕ್ಷರ ಬರೆಯದ, ಈಗ ಯಾವುದೋ ತಾಲೂಕಿನಲ್ಲಿ ಎಇಇ ಆಗಿರುವ ಸಿವಿಲ್ ಬ್ರ್ಯಾಂಚಿನ ಗೆಳೆಯ. ಅಲ್ಲಿ ಆಗ ನಡುರಾತ್ರಿ ಕಳೆದಿರಬೇಕು.

"ಸೋತ್ವಿ ಕಣೋ. ಐದನೇ ಸೆಟ್ 15–13. ಲೈನ್ಸ್‌ಮನ್ ನಾನೇ ಇದ್ದೆ. ಆಟೋದವರೆಲ್ಲ ಗೋಡೆ ಇಳಿದು ಬಂದು ನಮ್ಮ ಹುಡುಗರನ್ನ ಕರ್ಕೊಂಡ್ಹೋಗಿ ಕಬ್ಬಿನಹಾಲು ಕುಡಿಸಿದ್ರು, ದುಡ್ಡು ಮುಟ್ಟಲಿಲ್ಲ. ನೀನೆಲ್ಲಿದ್ದೆ?"

ಇನ್ನೂ ಉತ್ತರ ಬರೆದಿಲ್ಲ. ಎಳ್ಳು ಸ್ವಲ್ಪ ಸೀದಿದೆ. ಬೆಳಗ್ಗೆ ಐದಕ್ಕೆದ್ದು ಹುಣಸೆ ಕಿವುಚಬೇಕು.